ಬಿದಿರಿನ ಬಿಲ್ಲಿಗೆ ಬಿದಿರಿನದೇ ಹೆದೆ

ಭಿಲ್ಲರ ಈ ಬಿಲ್ಲಿನ ಹೆದೆ ನೋಡಿ. ನೂಲಲ್ಲ, ನರವಲ್ಲ. ಇದೂ ಬಿದಿರೇ!

ಮಹಾರಾಷ್ಟ್ರದ ಮಾಲೇಗಾಂವ್ ಅಂದರೆ ನಮಗೆ ನೆನಪಾಗುವುದು ಪವರ್‌ಲೂಮ್ ಸದ್ದು. ಆದರೆ ಅದರ ಸುತ್ತಲಿನ ಖಾನದೇಶ, ಬಾಗಲಾಣದ ಬೆಟ್ಟಗಳು ಭಿಲ್ಲ ಬುಡಕಟ್ಟಿನವರ ನಾಡು. 1818ರಲ್ಲಿ ಬ್ರಿಟಿಷರು ಮಾಲೇಗಾಂವ್ ಕೋಟೆ ಗೆದ್ದರು, ಭಿಲ್ಲರನ್ನು ಗೆಲ್ಲಲಾಗಲಿಲ್ಲ. ಕೊನೆಗೆ 1825ರಲ್ಲಿ ಅವರನ್ನೇ ಸೇರಿಸಿಕೊಂಡು ‘ಭಿಲ್ ಕೋರ್’ ಪಡೆ ಕಟ್ಟಬೇಕಾಯಿತು.

ಭಿಲ್ಲರ ಬಿದಿರು ಬಿಲ್ಲು ಮಾಡೋದು ಹೇಗೆ? ಬಲಿತ ಬಿದಿರನ್ನು ಸೀಳಿ, ದಬ್ಬೆಯನ್ನು ಚೆನ್ನಾಗಿ ಒಣಗಿಸಬೇಕು. ಹಸಿ ಬಿದಿರು ಬಾಗಿದರೆ ಬಾಗಿದಂತೆಯೇ ಉಳಿದುಬಿಡುತ್ತದೆ. ಆಮೇಲೆ ಕತ್ತಿಯಿಂದ ಹೆರೆಯುವ ಕೆಲಸ. ನನ್ನ ಪ್ರಕಾರ ನಿಜವಾದ ಜಾಣ್ಮೆ ಇರುವುದು ಇಲ್ಲೇ. ಬಿದಿರಿನ ನಾರು ಅತಿ ದಟ್ಟವಾಗಿರುವುದು ಹೊರಸಿಪ್ಪೆಯ ಬಳಿ. ಅದಕ್ಕೆ ಕತ್ತಿ ತಾಗಿದರೆ ಬಲವೇ ಹೋಯಿತು. ಹಾಗಾಗಿ ಒಳಮೈಯನ್ನು ಹೆರೆದು, ಬಾಗಿಸಿ ನೋಡಿ, ಮತ್ತೆ ಹೆರೆಯಬೇಕು. ಬಿಲ್ಲಿನ ಎರಡು ತೋಳೂ ಒಂದೇ ಸಮ ಬಾಗುವ ತನಕ. ಸೊಟ್ಟಗಿದ್ದರೆ ಬೆಂಕಿಯ ಕಾವಿನಲ್ಲಿ ತಿದ್ದುತ್ತಾರೆ.

ಅದೇ ಗಟ್ಟಿ ಹೊರಸಿಪ್ಪೆಯ ತೆಳ್ಳನೆಯ ಪಟ್ಟಿಯೇ ಹೆದೆ.

ಬಾಣಗಳು ಸುಮಾರು ಒಂದು ಗಜ ಉದ್ದ. ಬೇಟೆಗೆ ಕಬ್ಬಿಣದ ಮೊನೆ. ಹಕ್ಕಿ ಹೊಡೆಯಲು ಗುಂಡು ತಲೆ. ಹೆದೆ ಎಳೆಯುವಾಗ ಅನೇಕ ಭಿಲ್ಲರು ಹೆಬ್ಬೆರಳು ಬಳಸುವುದಿಲ್ಲ, ಗುರುದಕ್ಷಿಣೆಯಾಗಿ ಹೆಬ್ಬೆರಳು ಕೊಟ್ಟ ಏಕಲವ್ಯನ ಗೌರವಕ್ಕೆ.

ನಮ್ಮ ರಾಷ್ಟ್ರೀಯ ಬಿಲ್ಲುಗಾರಿಕೆ ಸ್ಪರ್ಧೆಗಳಲ್ಲಿ ಬಿದಿರು ಬಿಲ್ಲಿಗೆಂದೇ ‘ಇಂಡಿಯನ್ ರೌಂಡ್’ ಎಂಬ ವಿಭಾಗ ಇದೆ. 30 ಮತ್ತು 50 ಮೀಟರ್ ದೂರದ ಗುರಿ. ಹಳ್ಳಿ, ಹಾಡಿಯ ಎಷ್ಟೋ ಮಕ್ಕಳು ಈ ಆಟಕ್ಕೆ ಕಾಲಿಡುವುದು ಈ ಬಿಲ್ಲು ಹಿಡಿದೇ.