ಅಮ್ಮನ ಬೈಗುಳವನ್ನೂ ಹಿಂದಿಯಲ್ಲೇ ಕೇಳಬೇಕೇ?

ಮೊನ್ನೆ ನಮ್ಮ ಸಂಘದ ಸಭೆ ಮುಗಿದು ಉಪ್ಪಿಟ್ಟು, ಚಹಾ ನಡೆಯುತ್ತಿದ್ದಾಗ ಹಿರಿಯ ಸದಸ್ಯರೊಬ್ಬರು ಎಂದಿನ ದೂರು ತೆಗೆದರು. "ಮುಂಬಯಿಗೆ ಕನ್ನಡ ಸಿನಿಮಾ ಬರುವುದೇ ಇಲ್ಲ ಮಾರಾಯ್ರೇ. ಬಂದರೂ ರಾತ್ರಿ ಹತ್ತೂವರೆಗೆ ಒಂದು ಆಟ." ಎಲ್ಲರೂ ತಲೆಯಾಡಿಸಿದರು. "2025ರಲ್ಲಿ ಸು ಫ್ರಮ್ ಸೋ ಬಂದಿತ್ತಲ್ಲ, ಥಿಯೇಟರಿಗೆ ಎಷ್ಟು ಜನ ಹೋಗಿದ್ದಿರಿ?" ಎಂದು ನಾನು ಕೇಳಿದೆ. ಹದಿನೆಂಟು ಮಂದಿಯಲ್ಲಿ ಕೈ ಎತ್ತಿದವರು ಮೂವರು. ಉಳಿದವರು ಫೋನಿನಲ್ಲಿ ನೋಡಿದವರು, ಇಲ್ಲವೇ ನೋಡಬೇಕು ಎಂದುಕೊಂಡವರು.

ನಾನು ವಿಮರ್ಶಕನಲ್ಲ. ಬ್ಯಾಂಕಿನಿಂದ ನಿವೃತ್ತನಾಗಿ ಡೊಂಬಿವಲಿಯಲ್ಲಿ ಮಗ, ಸೊಸೆ, ಮೊಮ್ಮಗನೊಂದಿಗೆ ಇರುವವನು. ಕುಂದಾಪುರ ಕಡೆಯವನು ನಾನು, ಮನೆಯಾಕೆ ಹಾವೇರಿ ಕಡೆಯವಳು. ಮೊಮ್ಮಗನಿಗೆ ಶಾಲೆಯಲ್ಲಿ ಇಂಗ್ಲಿಷ್, ಕಟ್ಟಡದ ಕೆಳಗೆ ಮರಾಠಿ, ಉಳಿದೆಲ್ಲ ಕಡೆ ಹಿಂದಿ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ನಮ್ಮ ಸಂಘದ ಅನೇಕ ಮನೆಗಳಲ್ಲಿ ಇದೇ ಕಥೆ ಇರುವುದರಿಂದ ಹೆಚ್ಚು ವಿವರಿಸಬೇಕಿಲ್ಲ. ಒಂದು ಸಿನಿಮಾ ಚೆನ್ನಾಗಿದೆಯೋ ಇಲ್ಲವೋ ಎಂಬುದಕ್ಕಿಂತ, ಅದನ್ನು ಇವನು ನಮ್ಮ ಪಕ್ಕದಲ್ಲಿ ಕುಳಿತು ಕನ್ನಡದಲ್ಲೇ ನೋಡುತ್ತಾನೋ ಇಲ್ಲವೋ ಎಂಬುದೇ ಈಗ ನನ್ನ ಅಳತೆಗೋಲು.

ಈ ಅಳತೆಯಲ್ಲಿ ನಾನೇ ಮೊದಲು ಸೋತವನು. ‘ಕಾಂತಾರ’ ಕನ್ನಡದಲ್ಲಿ ತೆರೆಕಂಡದ್ದು 2022ರ ಸೆಪ್ಟೆಂಬರ್ 30ಕ್ಕೆ. ನವರಾತ್ರಿ ಮುಗಿಯಲಿ ಎಂದು ಕಾದೆ. ಮುಗಿದ ಮೇಲೆ ನೆಂಟರು ಬಂದರು. ಅಷ್ಟರಲ್ಲಿ ನಮ್ಮ ಸಮೀಪದ ಮಲ್ಟಿಪ್ಲೆಕ್ಸಿನಲ್ಲಿ ಕನ್ನಡದ ಆಟ ಹೋಗಿತ್ತು, ಅಕ್ಟೋಬರ್ 14ಕ್ಕೆ ಹಿಂದಿ ಅವತರಣಿಕೆ ಬಂದೇ ಬಿಟ್ಟಿತು. ಒಂಬತ್ತು ವರ್ಷದ ಮೊಮ್ಮಗನನ್ನು ಕರೆದುಕೊಂಡು ಹಿಂದಿಯಲ್ಲೇ ನೋಡಿದೆವು. ರಿಷಬ್ ಶೆಟ್ಟಿ ಅದನ್ನು ಚಿತ್ರೀಕರಿಸಿದ್ದು ತಮ್ಮ ಹುಟ್ಟೂರು ಕೆರಾಡಿಯಲ್ಲಿ. ನಮ್ಮ ಮನೆಗೆ ತೀರಾ ದೂರದ ಊರಲ್ಲ. ಅದೇ ಗದ್ದೆ, ಅದೇ ಮಣ್ಣು, ಅದೇ ಕಂಬಳ. ಮಾನಸಿ ಸುಧೀರ್ ಮಾಡಿದ ಅಮ್ಮ ಕಮಲ ಬಾಯಿ ತೆರೆದಳೋ, ಹಿಂದಿ!

ಕುಂದಾಪ್ರ ಕನ್ನಡದಲ್ಲಿ ತಾಯಿ ಮಗನಿಗೆ ಬೈಯುವುದೆಂದರೆ ಅದರಲ್ಲಿ ಸಿಟ್ಟಿಗಿಂತ ಅಕ್ಕರೆಯೇ ಹೆಚ್ಚು. ನನ್ನ ತಾಯಿಯ ಬೈಗುಳ ಕೇಳದೆ ಎಷ್ಟೋ ವರ್ಷವಾಯಿತು. ಅದನ್ನು ಮೊಮ್ಮಗನಿಗೆ ಕೇಳಿಸುವ ಒಂದು ಅವಕಾಶ ಸಿಕ್ಕಿತ್ತು. ಹಿಂದಿಯಲ್ಲಿ ಆ ಅಮ್ಮ ಯಾವುದೋ ಧಾರಾವಾಹಿಯ ತಾಯಿಯಂತೆ ಕೇಳಿಸಿದಳು. ಕೊನೆಗೆ ದೈವದ ಆ ಕೂಗು ಬಂದಾಗ ಮಾತ್ರ ಇಡೀ ಚಿತ್ರಮಂದಿರ ಸ್ತಬ್ಧ. ಕೂಗಿಗೆ ಡಬ್ಬಿಂಗ್ ಬೇಕಿಲ್ಲವಲ್ಲ. ಮುಂದೆ ರಿಷಬ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂದಾಗ ಎಲ್ಲರಂತೆ ನನಗೂ ಸಂತೋಷವಾಯಿತು, ಆದರೆ ಒಳಗೊಳಗೆ ನಾಚಿಕೆಯೂ ಆಯಿತು.

2025ರ ಅಕ್ಟೋಬರ್ 2ರಂದು ‘ಕಾಂತಾರ: ಚಾಪ್ಟರ್ 1’ ಹಲವು ಭಾಷೆಗಳಲ್ಲಿ ಒಟ್ಟಿಗೇ ಬಂತು. ಈ ಬಾರಿ ಮೊದಲೇ ಟಿಕೆಟ್ ಕಾದಿರಿಸಿ ಕನ್ನಡದ ಆಟಕ್ಕೇ ಹೋದೆವು. ಕದಂಬರ ಕಾಲದ ಕಥೆ, ರಾಜ, ರಥ, ಯುದ್ಧ, ಕಣ್ಣು ಕೋರೈಸುವ ದೃಶ್ಯಗಳು. ರುಕ್ಮಿಣಿ ವಸಂತ್ ಪಾತ್ರದ ತಿರುವು ನಾನು ಊಹಿಸಿರಲಿಲ್ಲ. ಆದರೂ ಮೊದಲನೆಯದರ ಹತ್ತಿರಕ್ಕೆ ಇದು ಬರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಅರಮನೆಯ ವೈಭವ ಬೇರೆಯವರೂ ತೋರಿಸುತ್ತಾರೆ, ಆ ಅಮ್ಮನ ಅಂಗಳವನ್ನು ತೋರಿಸುವವರು ಯಾರು? ಸಿನಿಮಾ ನೋಡಿ ಕೆಲವರು ಚಿತ್ರಮಂದಿರದಲ್ಲೇ ದೈವದ ಅನುಕರಣೆ ಮಾಡತೊಡಗಿದಾಗ, ಹಾಗೆ ಮಾಡಬೇಡಿ ಎಂದು ಚಿತ್ರತಂಡವೇ ಮನವಿ ಮಾಡಿತು. ನೇಮ ಕಟ್ಟುವುದರ ಹಿಂದಿನ ಕಟ್ಟುಪಾಡು ತಿಳಿದವರು ಯಾರೂ ಅಂಥ ಕೆಲಸಕ್ಕೆ ಇಳಿಯಲಾರರು.

ಇನ್ನು ‘ಸು ಫ್ರಮ್ ಸೋ’. 2025ರ ಜುಲೈ 25ಕ್ಕೆ ಬಂದ, ಜೆ.ಪಿ. ತುಮಿನಾಡ್ ನಿರ್ದೇಶಿಸಿ ತಾನೇ ಅಶೋಕನಾಗಿ ನಟಿಸಿದ ಚಿತ್ರ. ದೊಡ್ಡ ಹೀರೋ ಇಲ್ಲ, ಫೈಟಿಲ್ಲ. ಮಾಡಬಾರದ್ದು ಮಾಡಿ ಸಿಕ್ಕಿಬಿದ್ದ ಹುಡುಗ ಮೈಮೇಲೆ ದೆವ್ವ ಬಂದಂತೆ ನಟಿಸುತ್ತಾನೆ, ಊರಿಗೆ ಊರೇ ನಂಬುತ್ತದೆ. ದೆವ್ವದ ಹೆಸರು ಸುಲೋಚನಾ, ಊರು ಸೋಮೇಶ್ವರ. ಶೀರ್ಷಿಕೆಯ ಗುಟ್ಟು ಅಷ್ಟೇ. ರವಿ ಅಣ್ಣ ಎಂಬ ಪಾತ್ರವನ್ನು ಶನೀಲ್ ಗೌತಮ್ ಎಷ್ಟು ಸಹಜವಾಗಿ ಮಾಡಿದ್ದಾರೆಂದರೆ, ಊರಿನ ಮದುವೆ, ತಿಥಿ, ಜಗಳ ಎಲ್ಲದಕ್ಕೂ ಮುಂದೆ ನಿಲ್ಲುವ ಅಂಥ ಒಬ್ಬರು ನಮ್ಮ ಸಂಘದಲ್ಲೂ ಇದ್ದಾರೆ. ಹೆಸರು ಹೇಳಿದರೆ ಮುಂದಿನ ಸಭೆಗೆ ನನಗೆ ಪ್ರವೇಶವಿಲ್ಲ! ಗುರೂಜಿಯಾಗಿ ಬರುವ ರಾಜ್ ಬಿ. ಶೆಟ್ಟಿ ಚಿತ್ರದ ನಿರ್ಮಾಪಕರಲ್ಲೂ ಒಬ್ಬರು. ನಗುನಗುತ್ತಲೇ ಕಥೆ ಒಬ್ಬಂಟಿ ಹೆಣ್ಣುಮಗಳ ಸಂಕಟಕ್ಕೆ ಬಂದು ನಿಲ್ಲುತ್ತದೆ. ಆ ಹೊತ್ತಿಗೆ ಪಕ್ಕದಲ್ಲಿದ್ದ ನನ್ನ ಸೊಸೆ ನಗು ನಿಲ್ಲಿಸಿ ಮುಂದಕ್ಕೆ ಬಾಗಿ ಕುಳಿತಿದ್ದಳು. ಎರಡನೆಯ ಅರ್ಧ ಸ್ವಲ್ಪ ಎಳೆದಂತಾಯಿತು, ಆದರೆ ಅದು ಕ್ಷಮಿಸಬಹುದಾದ ತಪ್ಪು.

ನಾವು ಐವರೂ ಶನಿವಾರ ಸಂಜೆಯ ಆಟಕ್ಕೆ ಹೋಗಿದ್ದೆವು. ನಮ್ಮ ಸಾಲಿನಲ್ಲಿ ಮೊಮ್ಮಗನ ಮರಾಠಿ ಗೆಳೆಯನೂ ಇದ್ದ. ಅವನು ಇಂಗ್ಲಿಷ್ ಅಕ್ಷರ ಓದಿ ನಗುವ ಮೊದಲೇ ನಮ್ಮವನು ಕಿವಿಯಲ್ಲಿ ಕೇಳಿ ನಗುತ್ತಿದ್ದ. ಅರ್ಧ ಕ್ಷಣದ ಆ ಅಂತರದಲ್ಲಿ ಹುಡುಗನ ಮುಖದ ಹೆಮ್ಮೆ ನೋಡಬೇಕಿತ್ತು. ಕನ್ನಡ ಬರುವುದರಿಂದ ಅವನಿಗೆ ಒಂದು ಲಾಭವಾದದ್ದು ಬಹುಶಃ ಅದೇ ಮೊದಲು.

ಹೀಗಾಗಿಯೇ ಸಭೆಯಲ್ಲಿ ಆ ದೂರು ಕೇಳಿ ನನಗೆ ಸುಮ್ಮನಿರಲಾಗಲಿಲ್ಲ. ಮಲ್ಟಿಪ್ಲೆಕ್ಸಿನವರು ಶುಕ್ರ, ಶನಿ, ಭಾನುವಾರದ ಟಿಕೆಟ್ ಲೆಕ್ಕ ನೋಡಿ ಮುಂದಿನ ದಿನಗಳ ಆಟ ನಿರ್ಧರಿಸುತ್ತಾರೆ. ನಮ್ಮವರೋ ಊರಿಗೆ ಫೋನು ಮಾಡಿ ಹೇಗಿದೆಯಂತೆ ಎಂದು ವಿಚಾರಿಸುವಷ್ಟರಲ್ಲಿ ಮಂಗಳವಾರ ಬಂದಿರುತ್ತದೆ. ಸಂಘದ ವತಿಯಿಂದ ಮೊದಲ ಶನಿವಾರಕ್ಕೇ ಐವತ್ತು ಟಿಕೆಟ್ ಒಟ್ಟಿಗೆ ಕಾದಿರಿಸೋಣ ಎಂದು ಸೂಚಿಸಿದ್ದೇನೆ. ಕೋಶಾಧಿಕಾರಿಗಳು ಟಿಕೆಟಿನ ಹಣ ಮುಂಗಡವಾಗಿ ಬರಬೇಕು ಎಂದಿದ್ದಾರೆ. ನ್ಯಾಯವಾದ ಮಾತೇ. ಚಹಾ ಕುಡಿಯುತ್ತ ಹದಿನೇಳು ಮಂದಿ ಒಪ್ಪಿದರು, ಹಣ ಕೊಟ್ಟವರು ಈವರೆಗೆ ಆರು.

ಟಿ.ವಿ. ವಿಷಯದಲ್ಲಿ ರಿಮೋಟು ನನ್ನ ಕೈಯಲ್ಲಿಲ್ಲ. ಮನೆಯಾಕೆ ಉಮಾಶ್ರೀಯವರಿಗಾಗಿ ‘ಪುಟ್ಟಕ್ಕನ ಮಕ್ಕಳು’ ನೋಡಿದವಳು. ಗಂಡ ಕೈಬಿಟ್ಟರೂ ಊಟದ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಬೆಳೆಸಿದ ತಾಯಿಯ ಕಥೆ ಎಂಬುದರಿಂದ ಆರಂಭದಲ್ಲಿ ನನಗೂ ಹಿಡಿಸಿತ್ತು. 2024ರಲ್ಲಿ ಮಗಳು ಸ್ನೇಹಾಳ ಪಾತ್ರವನ್ನು ಸಾಯಿಸಿದಾಗ ನಮ್ಮ ಮನೆಯಲ್ಲಿ ಎರಡು ದಿನ ಅಡುಗೆಗೆ ಉಪ್ಪು ಸರಿಯಾಗಿ ಬೀಳಲಿಲ್ಲ. ‘ಅಮೃತಧಾರೆ’ ಹಿಂದಿಯ ‘ಬಡೇ ಅಚ್ಛೇ ಲಗತೇ ಹೈಂ’ ಧಾರಾವಾಹಿಯ ರೂಪಾಂತರ. ವಯಸ್ಸು ಮೀರಿದ ಮೇಲೆ ಮದುವೆಯಾದವರ ಸಂಕೋಚವನ್ನು ರಾಜೇಶ್ ನಟರಂಗ ಮತ್ತು ಛಾಯಾ ಸಿಂಗ್ ಹಿತಮಿತವಾಗಿ ಅಭಿನಯಿಸಿದ್ದು ನಿಜ, ಆದರೆ ಮಲತಾಯಿಯ ಒಳಸಂಚು ಶುರುವಾದೊಡನೆ ನಾನು ಪತ್ರಿಕೆ ಹಿಡಿದು ಬಾಲ್ಕನಿಗೆ ಹೋಗುತ್ತಿದ್ದೆ.

‘ಬಿಗ್ ಬಾಸ್’ ನನಗೆ ಸೇರದು. ಸುದೀಪ್ ಬರುವ ವಾರಾಂತ್ಯದ ಕಂತು ಬಿಟ್ಟರೆ ಉಳಿದದ್ದು ಬರೀ ಕೂಗಾಟ. ಆದರೆ ಹನ್ನೊಂದನೆಯ ಸರಣಿಗೆ ಹಾವೇರಿ ಜಿಲ್ಲೆಯ ಕುರಿಗಾಹಿ ಗಾಯಕ ಹನುಮಂತ ನಡುವೆ ಬಂದು ಸೇರಿದ ಮೇಲೆ ನಮ್ಮ ಮನೆಯ ಊಟದ ಹೊತ್ತೇ ಬದಲಾಯಿತು. ಲುಂಗಿ ಉಟ್ಟು, ಊರ ಮಾತನ್ನು ಒಂದಿಷ್ಟೂ ತಿದ್ದಿಕೊಳ್ಳದೆ, ಜಗಳಗಳ ನಡುವೆ ತಣ್ಣಗೆ ಇದ್ದು 2025ರ ಜನವರಿಯಲ್ಲಿ ಅವರೇ ಗೆದ್ದರು. ಮನೆಯಾಕೆ ಅಂದು ಅಕ್ಕಪಕ್ಕದ ಮರಾಠಿ ಮನೆಗಳಿಗೆಲ್ಲ ಪೇಢಾ ಹಂಚಿದಳು. ಯಾಕೆಂದು ಅವರಿಗೆ ಈಗಲೂ ತಿಳಿದಿಲ್ಲ.

ಮೊಮ್ಮಗ ಈಗ ಕ್ರಿಕೆಟ್ ಆಡುವಾಗ ಕ್ಯಾಚ್ ಬಿಟ್ಟ ಗೆಳೆಯನಿಗೆ "ಎಂತ ಮಾರಾಯ" ಎನ್ನುತ್ತಾನೆ. ಕಟ್ಟಡದ ಮರಾಠಿ, ಗುಜರಾತಿ ಹುಡುಗರೂ ಅದನ್ನು ಕಲಿತಿದ್ದಾರೆ. ನಾನು ಮೀಸೆಯಡಿ ನಗುವುದನ್ನು ಕಂಡು ಮನೆಯಾಕೆಗೆ ಸಿಟ್ಟು: "ಹುಡುಗನ ಬಾಯಾಗ ಬರೇ ನಿಮ್ಮ ಕರಾವಳಿ ಮಾತ ತುಂಬೀರಿ. ನಮ್ಮ ಕಡಿ ಸಿನಿಮಾ ಬಂದ್ರ ಮೊದಲನೇ ದಿನನ ಟಿಕೆಟ್ ತಗಸ್ರಿ, ನೋಡೂಣಂತ!"