ನಷ್ಟವೇ ಕಾವಲಾಗುವ ಬಗೆ

ಜಗತ್ತಿನಲ್ಲಿ ಯಾವ ವಸ್ತುವೂ ಏಕಾಂಗಿಯಲ್ಲ. ಒಲೆಯಿಂದ ಇಳಿಸಿದ ಹಾಲು ತನ್ನ ಬಿಸಿಯನ್ನು ಸುತ್ತಣ ಗಾಳಿಗೆ ಕೊಟ್ಟು ಆರುತ್ತದೆ. ತೂಗಿಬಿಟ್ಟ ತೊಟ್ಟಿಲು ಕ್ರಮೇಣ ನಿಲ್ಲುತ್ತದೆ. ಹೀಗೆ ಪರಿಸರದ ಪಾಲಾಗುವ ಸೋರಿಕೆಯನ್ನು ನಾವು ಕ್ಷಯವೆಂದು ಕರೆಯೋಣ. ಪರಮಾಣುಗಳ ಲೋಕದಲ್ಲಿ ಇದರ ಹಾವಳಿ ಇನ್ನೂ ಹೆಚ್ಚು. ಕಣಗಳು ಅಲೆಗಳಂತೆ ಪರಸ್ಪರ ಹೊಂದಿಕೊಂಡಿರುವ ಸೂಕ್ಷ್ಮಸ್ಥಿತಿಯು ಹೊರಗಿನ ಅಲ್ಪ ಸ್ಪರ್ಶದಿಂದಲೂ ಕೆಡುತ್ತದೆ. ಕ್ವಾಂಟಂ ಗಣಕಯಂತ್ರದ ನಿರ್ಮಾಣಕ್ಕೆ ಇದೊಂದು ದೊಡ್ಡ ಅಡಚಣೆ. ಹಾಗಾದರೆ ಕ್ಷಯದಿಂದ ಕೇಡಲ್ಲದೆ ಬೇರೇನೂ ಇಲ್ಲವೆ?

ಬಯಲಿನಲ್ಲಿ ಎದುರಾದ ಇಬ್ಬರು ಪಕ್ಕಕ್ಕೆ ಸರಿದು ಹೋಗಬಹುದು. ಒಬ್ಬರೇ ನಡೆಯಬಲ್ಲ ಇಕ್ಕಟ್ಟಿನ ಓಣಿಯಲ್ಲಿ ಅದು ಸಾಧ್ಯವಿಲ್ಲ. ಲೇಸರ್ ಕಿರಣಗಳಿಂದ ಇಂತಹ ಓಣಿಗಳನ್ನು ರಚಿಸಿ, ಅತಿಶೀತಲ ಕಣಗಳನ್ನು ಅವುಗಳಲ್ಲಿ ಸಾಲಾಗಿ ಇರಿಸಬಹುದು. ಸತ್ಯೇಂದ್ರನಾಥ ಬೋಸರ ಹೆಸರನ್ನು ಹೊತ್ತ ಬೋಸಾನ್ ಕಣಗಳು ಸ್ವಭಾವತಃ ಗುಂಪುಗೂಡುವಂಥವು. ಆದರೆ ವಿಕರ್ಷಣೆ ಪ್ರಬಲವಾಗಿದ್ದರೆ, ಓಣಿಯೊಳಗೆ ಒಂದರ ನೆಲೆಗೆ ಇನ್ನೊಂದು ಬಾರದೆಂದು ಗಿರಾರ್ಡೋ ಎಂಬ ವಿಜ್ಞಾನಿ 1960ರಲ್ಲಿ ಗಣಿತದಿಂದ ತೋರಿಸಿದರು. 2004ರಲ್ಲಿ ಅದು ಪ್ರಯೋಗದಿಂದಲೂ ಸಿದ್ಧವಾಯಿತು.

ಇನ್ನೂ ವಿಸ್ಮಯಕರವಾದ ಸಂಗತಿ 2008ರಲ್ಲಿ ಪ್ರಕಟವಾಯಿತು. ಜರ್ಮನಿಯ ಗಾರ್ಷಿಂಗ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು ರುಬಿಡಿಯಂ ಅಣುಗಳನ್ನು ಇಂತಹ ಓಣಿಗಳಲ್ಲಿ ತುಂಬಿದರು. ಈ ಅಣುಗಳು ಎರಡು ಕೂಡಿದರೆ ಎರಡೂ ಓಣಿಯಿಂದ ಕಳೆದುಹೋಗುವಂಥವು. ಓಣಿಗಳು ಬೇಗನೆ ಬರಿದಾಗಬೇಕಿತ್ತು. ಆದರೆ ನಷ್ಟವು ನಿರೀಕ್ಷೆಗಿಂತ ಬಹಳ ಕಡಿಮೆಯಾಯಿತು. ಕಾರಣವಿಷ್ಟೆ: ಗೋಡೆಗೆ ಕಟ್ಟಿದ ಹಗ್ಗವನ್ನು ಝಾಡಿಸಿದರೆ ಅಲೆಯು ಗೋಡೆಯನ್ನು ತಲುಪಿ ಹಿಂದಿರುಗುತ್ತದೆ. ಹಾಗೆಯೇ, ಕೂಡಿದೊಡನೆ ನಾಶವು ನಿಶ್ಚಿತವಾಗಿರುವ ಆ ತಾಣವೇ ಅಣುವಿನ ಅಲೆಗೆ ಗೋಡೆಯಾಗುತ್ತದೆ. ಅಣುಗಳು ಒಂದನ್ನೊಂದು ಸಮೀಪಿಸದೆ ದೂರ ಉಳಿಯುತ್ತವೆ.

ಇದರ ಹಿಂದೆ ಭಾರತೀಯರ ಚಿಂತನೆಯೂ ಇದೆ. ಎಡೆಬಿಡದೆ ವೀಕ್ಷಿಸಲ್ಪಡುವ ಕ್ವಾಂಟಂ ವ್ಯವಸ್ಥೆಯು ಬದಲಾಗದೆ ನಿಲ್ಲುತ್ತದೆಂಬ ತತ್ತ್ವವನ್ನು ಮಿಶ್ರ ಹಾಗೂ ಸುದರ್ಶನ್ 1977ರಲ್ಲಿ ಮಂಡಿಸಿದರು. ಕೇರಳದಲ್ಲಿ ಜನಿಸಿದ ಇ.ಸಿ.ಜಿ. ಸುದರ್ಶನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಪ್ರಾಧ್ಯಾಪಕರಾಗಿದ್ದರು. ಪರಿಸರಕ್ಕೆ ತೆರೆದುಕೊಂಡ ವ್ಯವಸ್ಥೆಗಳನ್ನು ವಿವರಿಸುವ, ಇಂದಿಗೂ ಬಳಕೆಯಲ್ಲಿರುವ ಸಮೀಕರಣದ ಕರ್ತೃಗಳಲ್ಲಿ ಅವರೂ ಒಬ್ಬರು. ಅದು ಪ್ರಕಟವಾದದ್ದು 1976ರಲ್ಲಿ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಕ್ಷಯವೆಲ್ಲವೂ ರಕ್ಷಕವಲ್ಲ. ದುರ್ಬಲವಾದ ಕ್ಷಯವು ಗೆದ್ದಲಿನಂತೆ ಕೊರೆಯುತ್ತದೆ. ಅತಿ ಪ್ರಬಲವಾದಾಗ ಮಾತ್ರ ಅದು ತನ್ನನ್ನು ತಾನೇ ತಡೆದುಕೊಳ್ಳುತ್ತದೆ. ಆಗಲೂ ನಷ್ಟವು ನಿಧಾನವಾಗುವುದೇ ಹೊರತು ಇಲ್ಲವಾಗುವುದಿಲ್ಲ. ಪರಿಸರವನ್ನು ಸಂಪೂರ್ಣವಾಗಿ ಹೊರಗಿಡಲು ಯಾರಿಂದಲೂ ಆಗದು. ಆದುದರಿಂದ ಅದನ್ನು ಅರಿತು, ಅಳೆದು, ಕೆಲಸಕ್ಕೆ ಹಚ್ಚುವುದೇ ವಿವೇಕದ ದಾರಿಯೆಂದು ನಮಗೆ ತೋರುತ್ತದೆ.