ಈ ಸಭೆ ನನಗೆ ತಕ್ಕುದೇ? ಕ್ಯಾರಿಸ್ಮ್ಯಾಟಿಕ್ ಸಭೆಗಳ ಕುರಿತು ಪಾಲಕೀಯ ವಿವೇಚನೆ

ಸಭಾಪಾಲನೆಯ ಸೇವೆಯಲ್ಲಿರುವವರೆಲ್ಲರಿಗೂ ಈಗ ಪರಿಚಿತವಾಗಿರುವ ಪ್ರಶ್ನೆಯೊಂದಿದೆ. ಭಾನುವಾರ ಬೆಳಿಗ್ಗೆ ನಮ್ಮ ದೇವಾಲಯಕ್ಕೂ ಸಂಜೆ ನಗರದ ಯಾವುದೋ ಸಭಾಂಗಣದಲ್ಲಿ ನಡೆಯುವ ಸ್ತುತ್ಯಾರಾಧನೆಗೂ ಹಲವು ತಿಂಗಳುಗಳಿಂದ ಹೋಗುತ್ತಿರುವ ವಿಶ್ವಾಸಿಯೊಬ್ಬರು ಒಂದು ದಿನ ಬಂದು, ತಾವು ಅಲ್ಲಿಯೇ ಸದಸ್ಯರಾಗಬಹುದೇ ಎಂದು ಕೇಳುತ್ತಾರೆ. ನಾವು ಸಾಮಾನ್ಯವಾಗಿ ಕೊಡುವ ಉತ್ತರಗಳು ಎರಡು. ಅದೆಲ್ಲ ಬರಿಯ ಭಾವಾವೇಶ, ಬೇಡ ಎಂಬುದು ಒಂದು. ಎಲ್ಲಿಯಾದರೂ ಕರ್ತನು ಒಬ್ಬನೇ, ನಿಮ್ಮ ಇಷ್ಟ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಸದಸ್ಯರನ್ನು ಕಳೆದುಕೊಳ್ಳುವ ಭಯ ಅಡಗಿರುತ್ತದೆ. ಎರಡನೆಯದರಲ್ಲಿ ಕಷ್ಟದ ಮಾತಿನಿಂದ ತಪ್ಪಿಸಿಕೊಳ್ಳುವ ಆಸೆ. ಆತ್ಮನನ್ನು ನಂದಿಸಬಾರದೆಂದೂ ಎಲ್ಲವನ್ನೂ ಪರಿಶೋಧಿಸಬೇಕೆಂದೂ ಪೌಲನು ಒಂದೇ ಉಸಿರಿನಲ್ಲಿ ಹೇಳಿದ್ದಾನೆ (1 ಥೆಸಲೋನಿಕ 5:19-21). ನಮ್ಮ ಎರಡು ಉತ್ತರಗಳು ಆ ಒಂದು ಮಾತನ್ನು ಇಬ್ಭಾಗ ಮಾಡಿ ಹಂಚಿಕೊಂಡಿವೆ.

ಮೊದಲು ಹೆಸರುಗಳ ಗೊಂದಲವನ್ನು ಬಿಡಿಸಿಕೊಳ್ಳೋಣ. ಪೆಂಟೆಕೋಸ್ಟಲ್ ಸಭೆಗಳು ತಮ್ಮ ಮೂಲವನ್ನು ಹೆಚ್ಚಾಗಿ ಲಾಸ್ ಏಂಜಲೀಸಿನ ಅಜುಸಾ ಬೀದಿಯಲ್ಲಿ ವಿಲಿಯಂ ಸೇಮೋರ್ 1906ರಲ್ಲಿ ನಡೆಸಿದ ಕೂಟಗಳಲ್ಲಿ ಗುರುತಿಸುತ್ತವೆ. ಆದರೆ ಅದಕ್ಕೂ ಒಂದು ವರ್ಷ ಮೊದಲೇ ಪುಣೆಯ ಬಳಿಯ ಕೇಡಗಾಂವದಲ್ಲಿ, ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ನಿನ ಹೆಣ್ಣುಮಕ್ಕಳ ನಡುವೆ ಉಜ್ಜೀವನ ಉಂಟಾಗಿತ್ತು. ರಮಾಬಾಯಿಯವರು ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ; ಅವರ ತಂದೆಯ ಊರು ಕಾರ್ಕಳದ ಬಳಿಯ ಮಾಳ. ಆದುದರಿಂದ ಇದನ್ನು ಅಮೆರಿಕದ ಸರಕೆಂದು ತಳ್ಳಿಹಾಕುವುದು ಚರಿತ್ರೆಗೆ ಒಪ್ಪುವ ಮಾತಲ್ಲ. ಇದೇ ಅನುಭವವು ಹಳೆಯ ಸಭೆಗಳ ಒಳಗೆ ಹಬ್ಬಿದಾಗ ಅದಕ್ಕೆ ಕ್ಯಾರಿಸ್ಮ್ಯಾಟಿಕ್ ಚಳುವಳಿ ಎಂಬ ಹೆಸರು ಬಂತು. 1960ರಲ್ಲಿ ಕ್ಯಾಲಿಫೋರ್ನಿಯದ ಎಪಿಸ್ಕೋಪಲ್ ಪಾದ್ರಿ ಡೆನಿಸ್ ಬೆನೆಟ್ ತಮ್ಮ ಅನುಭವವನ್ನು ಸಭೆಯ ಮುಂದೆ ಸಾರಿದರು. 1967ರಲ್ಲಿ ಪಿಟ್ಸ್‌ಬರ್ಗಿನ ಕಥೋಲಿಕ ವಿದ್ಯಾರ್ಥಿಗಳ ಧ್ಯಾನಕೂಟದಿಂದ ರೋಮನ್ ಸಭೆಯೊಳಗೂ ಅದು ಹಬ್ಬಿತು. ನಮ್ಮ ವಿಶ್ವಾಸಿಗಳು ಕೇಳುತ್ತಿರುವುದು ಬಹುಮಟ್ಟಿಗೆ ಇವೆರಡರ ನಂತರ ಬಂದ ಮೂರನೆಯ ಬಗೆಯನ್ನು ಕುರಿತು: ಯಾವ ಪಂಗಡಕ್ಕೂ ಸೇರದ, ಸ್ಥಾಪಕನೊಬ್ಬನ ಸುತ್ತ ಬೆಳೆದ ಸ್ವತಂತ್ರ ಸಭೆ. ಹೊರನೋಟಕ್ಕೆ ಎಲ್ಲವೂ ಒಂದೇ ಬಗೆಯಾಗಿ ಕಂಡರೂ ಆಡಳಿತದಲ್ಲಿಯೂ ಬೋಧನೆಯಲ್ಲಿಯೂ ಅಜಗಜಾಂತರವಿದೆ. ಹಾಗಾಗಿ ಒಟ್ಟಾರೆ ಕ್ಯಾರಿಸ್ಮ್ಯಾಟಿಕ್ ಸಭೆಗಳು ಸರಿಯೇ ಎಂದು ತೀರ್ಮಾನಿಸುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಕೇಳಬೇಕಾದುದು ಈ ಒಂದು ಸಭೆಯ ವಿಷಯ.

ಯಾವುದು ಗುರುತಲ್ಲ ಎಂಬುದನ್ನು ಜೋನಾಥನ್ ಎಡ್ವರ್ಡ್ಸ್ 1741ರಲ್ಲಿಯೇ ವಿವರಿಸಿದ್ದಾನೆ. ತನ್ನ ಕಾಲದ ಉಜ್ಜೀವನವನ್ನು ಪರೀಕ್ಷಿಸುತ್ತ ಅವನು ಹೇಳಿದ್ದೇನೆಂದರೆ, ಕಣ್ಣೀರು, ನಡುಕ, ಗಟ್ಟಿಯಾದ ಕೂಗು ಇವು ಒಂದು ಕಾರ್ಯವು ದೇವರಿಂದ ಬಂದುದೆಂದು ಸಾಧಿಸುವುದಿಲ್ಲ, ಬಂದುದಲ್ಲವೆಂದೂ ಸಾಧಿಸುವುದಿಲ್ಲ. ಈ ಮಾತನ್ನು ಗಿಟಾರು, ಡ್ರಮ್ಮು, ಬಣ್ಣದ ದೀಪ, ಪರದೆಯ ಮೇಲೆ ಹರಿಯುವ ಹಾಡಿನ ಸಾಲುಗಳಿಗೂ ಅನ್ವಯಿಸಬಹುದು. (ಡ್ರಮ್ಮನ್ನು ಪರಕೀಯವೆಂದು ದೂರುವ ನಮ್ಮವರು, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನರಿಗಳ ಪರಂಪರೆಯಿಂದ ತಾವು ಪಡೆದ ರಾಗಗಳು ಎಲ್ಲಿಯವೆಂದು ಒಮ್ಮೆ ಯೋಚಿಸಬೇಕು.) ಅಂತೂ ಆರಾಧನೆಯ ಮೊದಲ ಒಂದು ಗಂಟೆ ನಮಗೆ ಹೆಚ್ಚೇನನ್ನೂ ಹೇಳಲಾರದು. ಅಲ್ಲಿ ಮನಸ್ಸು ಕರಗಿತೆಂಬುದು ನಿಜವಿರಬಹುದು. ಕರಗಿದ ಮನಸ್ಸನ್ನು ಆ ಸಭೆ ಮುಂದೆ ಏನು ಮಾಡುತ್ತದೆ ಎಂಬುದೇ ವಿಷಯ.

ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು: ಈ ಸಭೆಯಲ್ಲಿ ಪ್ರಾರ್ಥಿಸಲ್ಪಟ್ಟು ಗುಣವಾಗದವರು ಎಲ್ಲಿದ್ದಾರೆ? ಗುಣವಾದವರು ವೇದಿಕೆಯ ಮೇಲೆ ಸಾಕ್ಷಿ ಹೇಳುತ್ತಾರೆ, ಅವರನ್ನು ಹುಡುಕಬೇಕಾಗಿಲ್ಲ. ಹುಡುಕಬೇಕಾದುದು ಆರು ಬಾರಿ ಹಸ್ತಾರ್ಪಣೆ ಪಡೆದೂ ಗಾಲಿಕುರ್ಚಿಯಲ್ಲೇ ಉಳಿದವರನ್ನು, ಮಗುವನ್ನು ಕಳೆದುಕೊಂಡ ತಾಯಿಯನ್ನು, ಖಿನ್ನತೆಗೆ ಇನ್ನೂ ಔಷಧ ತೆಗೆದುಕೊಳ್ಳುತ್ತಿರುವ ಯುವಕನನ್ನು. ಅವರು ಆ ಸಭೆಯಲ್ಲಿ ಇನ್ನೂ ಇದ್ದಾರೆಯೇ? ಇದ್ದರೆ ತಲೆಯೆತ್ತಿ ಕುಳಿತಿದ್ದಾರೆಯೇ? ನಿಮ್ಮ ನಂಬಿಕೆ ಸಾಲದಾಯಿತೆಂದು ಯಾರಾದರೂ ಅವರಿಗೆ ಹೇಳಿದ್ದಾರೆಯೇ? ಇನ್ಸುಲಿನ್ನನ್ನೋ ಮೂರ್ಛೆಯ ಮಾತ್ರೆಯನ್ನೋ ನಂಬಿಕೆಯ ಗುರುತಾಗಿ ನಿಲ್ಲಿಸಿರೆಂದು ಎಲ್ಲಿ ಒಮ್ಮೆಯಾದರೂ ಬೋಧಿಸಲಾಗಿದೆಯೋ ಅಲ್ಲಿಗೆ ಹೋಗಬೇಡಿರೆಂದು ನಾವು ಹಿಂಜರಿಯದೆ ಹೇಳಬೇಕು. ಅದು ಜೀವದ ಪ್ರಶ್ನೆ. ಅಲ್ಲಿ ಪಾಲಕೀಯ ಮೃದುತ್ವಕ್ಕೆ ಎಡೆಯಿಲ್ಲ. ಪೌಲನ ಮುಳ್ಳು ಉಳಿಯಿತು (2 ಕೊರಿಂಥ 12). ತ್ರೊಫಿಮನು ಅಸ್ವಸ್ಥನಾಗಿದ್ದುದರಿಂದ ಪೌಲನು ಅವನನ್ನು ಮಿಲೇತದಲ್ಲಿ ಬಿಟ್ಟುಬಂದನು (2 ತಿಮೊಥೆಯ 4:20). ಈ ಭಾಗಗಳ ಮೇಲೆ ಆ ಸಭೆಯಲ್ಲಿ ಎಂದಾದರೂ ಪ್ರಸಂಗವಾಗಿದೆಯೇ ಎಂದು ವಿಚಾರಿಸುವುದೂ ಅನುಚಿತವಲ್ಲ.

ಈ ಅಳತೆಗೋಲನ್ನು ನಾವು ಹೊರಗಿನಿಂದ ತಂದು ಹೇರುತ್ತಿಲ್ಲ. ಕ್ಯಾರಿಸ್ಮ್ಯಾಟಿಕ್ ಚಳುವಳಿಯ ಉತ್ತಮ ನಾಯಕರು ತಾವೇ ಅದಕ್ಕೆ ಒಳಪಟ್ಟವರು. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದ ಆಂಗ್ಲಿಕನ್ ಪಾದ್ರಿ ಡೇವಿಡ್ ವಾಟ್ಸನ್ ಕ್ಯಾನ್ಸರಿಗೆ ತುತ್ತಾದಾಗ, ವೈನ್‌ಯಾರ್ಡ್ ಸಭೆಗಳ ನಾಯಕ ಜಾನ್ ವಿಂಬರ್ ಕ್ಯಾಲಿಫೋರ್ನಿಯದಿಂದ ಬಂದು ಅವರಿಗಾಗಿ ಪ್ರಾರ್ಥಿಸಿದರು. ವಾಟ್ಸನ್ 1984ರ ಫೆಬ್ರವರಿಯಲ್ಲಿ ತೀರಿಕೊಂಡರು. ತಮ್ಮ ರೋಗದ ತಿಂಗಳುಗಳನ್ನು ಕುರಿತು ಅವರು ಬರೆದ ಪುಸ್ತಕ ಅದೇ ವರ್ಷ ಪ್ರಕಟವಾಯಿತು. ವಿಂಬರ್ ಗುಣಪಡಿಸುವ ಪ್ರಾರ್ಥನೆಯನ್ನು ಬಿಡಲಿಲ್ಲ. ಎಲ್ಲರೂ ಗುಣವಾಗುವುದಿಲ್ಲವೆಂಬುದನ್ನು ಮರೆಮಾಚಲೂ ಇಲ್ಲ. ಮುಂದೆ ತಮಗೇ ಕ್ಯಾನ್ಸರ್ ಬಂದಾಗ ಅದನ್ನೂ ಬಹಿರಂಗವಾಗಿ ಮಾತನಾಡಿ, 1997ರಲ್ಲಿ ತೀರಿಕೊಂಡರು. ಅವರ ದೇವಶಾಸ್ತ್ರದ ಹಲವು ಅಂಶಗಳ ಬಗ್ಗೆ ನಮಗೆ ಭಿನ್ನಾಭಿಪ್ರಾಯವಿದೆ. ಆದರೂ ಸೋತ ಪ್ರಾರ್ಥನೆಗೆ ಸ್ಥಳವಿರುವ ಸಭೆಯಲ್ಲಿ ನಮ್ಮ ವಿಶ್ವಾಸಿಯೊಬ್ಬರು ಸುರಕ್ಷಿತರಾಗಿರಬಲ್ಲರು ಎಂಬುದರಲ್ಲಿ ನಮಗೆ ಸಂದೇಹವಿಲ್ಲ.

ಪ್ರವಾದನೆಯ ವಿಷಯ ಇದರ ಪಕ್ಕದಲ್ಲಿಯೇ ಬರುತ್ತದೆ. ಕೊರಿಂಥದಲ್ಲಿ ಒಬ್ಬನು ಪ್ರವಾದಿಸಿದರೆ ಮಿಕ್ಕವರು ವಿವೇಚಿಸಬೇಕಾಗಿತ್ತು (1 ಕೊರಿಂಥ 14:29). ಯಾರನ್ನು ಮದುವೆಯಾಗಬೇಕು, ಯಾವ ಕೆಲಸ ಬಿಡಬೇಕು ಎಂದು ವೇದಿಕೆಯಿಂದ ಬರುವ ಮಾತನ್ನು ಪ್ರಶ್ನಿಸಿದವರಿಗೆ ಅಲ್ಲಿ ಏನಾಗುತ್ತದೆ? ಅಭಿಷಿಕ್ತರನ್ನು ಮುಟ್ಟಬಾರದೆಂಬ ಮಾತು ಉತ್ತರವಾಗಿ ಬರುವುದಾದರೆ, ವಿವೇಚಿಸುವ ವರವನ್ನು ಆ ಸಭೆ ಕಳೆದುಕೊಂಡಿದೆಯೆಂದೇ ತಿಳಿಯಬೇಕು.

ಹಣದ ವಿಷಯದಲ್ಲಿ ಆದಿಸಭೆ ನಮಗಿಂತ ನಿಷ್ಠುರವಾಗಿತ್ತು. ಆತ್ಮಾವೇಶದಲ್ಲಿ ಹಣ ಕೊಡಿರೆಂದು ಕೇಳುವ ಪ್ರವಾದಿಗೆ ಕಿವಿಗೊಡಬಾರದೆಂದು ದಿದಖೆ ವಿಧಿಸುತ್ತದೆ. ಬಡವರಿಗಾಗಿ ಕೇಳಿದರೆ ಮಾತ್ರ ದೋಷವಿಲ್ಲ. ಪೌಲನು ಯೆರೂಸಲೇಮಿನ ಕಾಣಿಕೆಯನ್ನು ಒಬ್ಬನೇ ಹೊತ್ತೊಯ್ಯಲಿಲ್ಲ. ಯಾರೂ ತಪ್ಪು ಹೊರಿಸದಂತೆ ಸಭೆಗಳು ನೇಮಿಸಿದವರನ್ನು ಜೊತೆಗೂಡಿಸಿಕೊಂಡನು (2 ಕೊರಿಂಥ 8:19-21). ನಮ್ಮ ರಾಜ್ಯದಲ್ಲಿ ಇದನ್ನು ಪರೀಕ್ಷಿಸಲು ಸರಳವಾದ ದಾರಿಯಿದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿ ನೋಂದಾಯಿತವಾದ ಸಭೆ ವರ್ಷಕ್ಕೊಮ್ಮೆ ಸದಸ್ಯರ ಸಾಮಾನ್ಯ ಸಭೆ ಕರೆಯಬೇಕು, ಲೆಕ್ಕಪತ್ರ ಸಲ್ಲಿಸಬೇಕು. ಟ್ರಸ್ಟಾಗಿ ನೋಂದಾಯಿತವಾಗಿದ್ದರೆ ಅಧಿಕಾರವೆಲ್ಲ ಟ್ರಸ್ಟಿಗಳದು. ಆ ಟ್ರಸ್ಟಿಗಳು ಪಾಲಕರ ಮಡದಿ, ಮಗ, ಭಾವಮೈದುನರೇ ಆಗಿದ್ದರೆ, ದಶಮಾಂಶ ಕೊಡುವವರಿಗೆ ಕೇಳುವ ಹಕ್ಕು ಉಳಿಯುವುದು ಕಷ್ಟ. ಪಾಲಕರನ್ನು ತಿದ್ದುವ, ಅಗತ್ಯವಾದರೆ ಸೇವೆಯಿಂದ ಬಿಡಿಸುವ ಅಧಿಕಾರ ಯಾರಿಗಿದೆ ಎಂದು ಕೇಳಿದಾಗ ಸ್ಪಷ್ಟ ಉತ್ತರ ಬರಬೇಕು. ಇದನ್ನು ಹೇಳುವಾಗ ನಮ್ಮ ಧ್ವನಿ ಸ್ವಲ್ಪ ತಗ್ಗಿರುವುದು ಲೇಸು: ಸಂವಿಧಾನ, ಸಿನೊಡ್, ಲೆಕ್ಕಪರಿಶೋಧಕರು ಎಲ್ಲ ಇದ್ದೂ ಆಸ್ತಿವ್ಯಾಜ್ಯಗಳಿಗಾಗಿ ನ್ಯಾಯಾಲಯದ ಮೆಟ್ಟಿಲು ಸವೆಸಿದ ಮುಖ್ಯವಾಹಿನಿ ಸಭೆಗಳು ವಿರಳವಲ್ಲ. ಸಮೃದ್ಧಿಯ ಸುವಾರ್ತೆಯನ್ನು ಕುರಿತಂತೆ, 2008 ಮತ್ತು 2009ರಲ್ಲಿ ಘಾನಾದ ಅಕ್ರೊಪಾಂಗಿನಲ್ಲಿ ಸೇರಿದ ಲೊಸಾನ್ ಚಳುವಳಿಯ ಆಫ್ರಿಕನ್ ದೇವಶಾಸ್ತ್ರಜ್ಞರು ರೂಪಿಸಿದ ಹೇಳಿಕೆಯನ್ನು ನಮ್ಮ ವಿದ್ಯಾರ್ಥಿಗಳು ಓದಬೇಕು. ದೇವರ ಆಶೀರ್ವಾದವನ್ನೂ ಪವಿತ್ರಾತ್ಮನ ಬಲವನ್ನೂ ಒಪ್ಪಿಕೊಂಡೇ ಅದು ಆ ಬೋಧನೆಯನ್ನು ತಿರಸ್ಕರಿಸುತ್ತದೆ. ಪೆಂಟೆಕೋಸ್ಟಲ್ ಉತ್ಸಾಹವನ್ನು ಹತ್ತಿರದಿಂದ ಬಲ್ಲ ಖಂಡದಿಂದ ಬಂದುದರಿಂದ ಅದಕ್ಕೆ ತೂಕ ಹೆಚ್ಚು.

ಮಿಕ್ಕೆಲ್ಲ ಹೆಜ್ಜೆಗಳನ್ನು ಹಿಂದೆಗೆದುಕೊಳ್ಳಬಹುದು, ದೀಕ್ಷಾಸ್ನಾನವೊಂದನ್ನು ಬಿಟ್ಟು. ಶಿಶುವಾಗಿದ್ದಾಗ ದೀಕ್ಷಾಸ್ನಾನ ಹೊಂದಿದವರನ್ನು ಇಂಥ ಸಭೆಗಳು ಬಹುತೇಕ ಮತ್ತೊಮ್ಮೆ ನೀರಿಗಿಳಿಯಿರೆನ್ನುತ್ತವೆ. ಅವರ ದೃಷ್ಟಿಯಲ್ಲಿ ಅದು ಎರಡನೆಯದಲ್ಲ, ಮೊದಲನೆಯದೇ. ಈ ವಾದವನ್ನು ನಾವು ಹಗುರವಾಗಿ ಕಾಣಬಾರದು. ಆದರೂ ದೀಕ್ಷಾಸ್ನಾನವು ಪುನರಾವರ್ತಿಸಲಾಗದ ಕ್ರಿಯೆಯೆಂದು 1982ರ ಲಿಮಾ ದಸ್ತಾವೇಜು ಹೇಳಿದುದರ ಹಿಂದೆ ಒಂದು ಸಾಂತ್ವನವಿದೆ: ಅಂದು ಕೃಪೆ ನಮ್ಮ ತಿಳುವಳಿಕೆಗಾಗಿ ಕಾಯಲಿಲ್ಲ. ತಂದೆತಾಯಿಗಳ ಪಾಲಿಗೆ ಮಗನ ಹೊಸ ಸ್ನಾನವು, ತಾವು ಅವನಿಗಾಗಿ ಮಾಡಿದ ವಾಗ್ದಾನವನ್ನು ಅಳಿಸಿಹಾಕಿದಂತೆ ತೋರಬಹುದು. ಅದಕ್ಕೆ ಒಂದು ವರ್ಷವಾದರೂ ಕಾಯಿರಿ ಎಂದು ಕೇಳಿಕೊಳ್ಳುವುದು ನಮ್ಮ ಪದ್ಧತಿ.

ಇನ್ನು ಪ್ರಶ್ನೆಯಲ್ಲಿರುವ ‘ನನಗೆ’ ಎಂಬ ಪದ. ಅದನ್ನು ಕೊಳ್ಳುವವರ ಭಾಷೆಯೆಂದು ಹಳಿಯುವುದು ಸುಲಭ. ಆದರೆ ಹತ್ತು ವರ್ಷ ನಮ್ಮ ಪೀಠಗಳಲ್ಲಿ ಕುಳಿತರೂ ಯಾರೂ ಹೆಸರು ಹಿಡಿದು ಕರೆಯದೆ, ಅಲ್ಲಿ ಮೂರನೆಯ ವಾರಕ್ಕೇ ಮನೆಗೂಟಕ್ಕೆ ಆಹ್ವಾನ ಪಡೆದವರು ಹಾಗೆ ಕೇಳಿದರೆ ಅದರಲ್ಲಿ ನ್ಯಾಯವಿದೆ. ಕುಡಿತ ಬಿಟ್ಟವರು, ಪ್ರಾರ್ಥಿಸಲು ಕಲಿತವರು, ಸತ್ಯವೇದವನ್ನು ಮೊದಲ ಬಾರಿ ತೆರೆದವರು ಅಲ್ಲಿದ್ದಾರೆ. ಮೇಲೆ ಹೇಳಿದ ಪ್ರಶ್ನೆಗಳಿಗೆ ಸಮಾಧಾನಕರ ಉತ್ತರ ದೊರೆತವರಿಗೆ ಹೋಗಿರೆಂದು ಹೇಳುವ ಧೈರ್ಯ ನಮಗಿರಬೇಕು. ಅಂಥವರಿಗೆ ಸದಸ್ಯತ್ವದ ವರ್ಗಾವಣೆ ಪತ್ರವನ್ನು ತಡಮಾಡದೆ ಬರೆದುಕೊಡಬೇಕು. ಆ ಸಭೆ ಅಂಥ ಪತ್ರವನ್ನು ಕೇಳುವುದೇ ಇಲ್ಲವಾದರೂ ಕೊಡಬೇಕು. ಮುಂದೆ ಅವರ ಮನೆಯಲ್ಲಿ ಸಾವೋ ಕಾಯಿಲೆಯೋ ಬಂದಾಗ ಕರೆಯಿಲ್ಲದೆಯೂ ನಾವು ಹೋಗಬಹುದು, ಅಲ್ಲಿಯ ಪಾಲಕರ ಪಕ್ಕದಲ್ಲಿ ಕುಳಿತು ಪ್ರಾರ್ಥಿಸಬಹುದು.